ವೀರಪ್ಪನ ಕುತ್ತಿಗೆ

ನವಲಗುಂದದ ನನ್ನ ಅಂಗಡಿಯಲ್ಲಿ ಅರಿವೆ ಅಳೆಯುವಾಗ ಬಲಗೈ ಹತ್ತು ನಿಮಿಷ ಜೋಮು ಹಿಡಿದು ನಿಂತುಬಿಟ್ಟಿತು. ಬಾಜು ಅಂಗಡಿಯ ವೀರಪ್ಪ ಅವತ್ತೇ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದ. ಕುತ್ತಿಗೆಯೊಳಗಿಂದ ಮಿದುಳಿಗೆ ಹೋಗುವ ರಕ್ತನಾಳ ನೋಡಬೇಕು, ಅದು ಕಟ್ಟಿದರೆ ಲಕ್ವಾ ಹೊಡೆಯುತ್ತದೆ ಎಂದರು ಡಾಕ್ಟರು.

ಸ್ಕ್ಯಾನ್ ಮಾಡುವ ಹುಡುಗಿ ಕುತ್ತಿಗೆಗೆ ತಣ್ಣನೆಯ ಅಂಟು ಸವರಿ ಯಂತ್ರದ ಹಿಡಿ ಒತ್ತಿದಳು. ರಕ್ತ ಹರಿಯುವ ಸಪ್ಪಳ ಸುಂಯ್ ಸುಂಯ್ ಎಂದು ಕೇಳಿಸಿತು.

"ಎಡಗಡೆ ನಾಳ ಅರ್ಧ ಕಟ್ಟೇತ್ರಿ ಕಾಕಾ."

ನಾನು ಬೀಡಿ ಮುಟ್ಟಿದವನಲ್ಲ. ವೀರಪ್ಪನ ದಿನವೋ ಮಿರ್ಚಿ ಭಜಿಯಿಂದ ಶುರುವಾಗಿ ಬೀಡಿಯಲ್ಲಿ ಮುಗಿಯುತ್ತದೆ.

"ಇವಂದೂ ಒಮ್ಮೆ ನೋಡು ತಂಗಿ," ಎಂದೆ.

"ನನಗ ಯಾಕಲೇ?"

"ಹೆಂಗೂ ಬಂದೀದಿ, ಮಲಗು."

ಅವನ ರಕ್ತದ ಸಪ್ಪಳ ಕಾಲುವೆ ನೀರಿನಂತೆ ಸಲೀಸಾಗಿತ್ತು. ಹುಡುಗಿ ನಕ್ಕಳು. "ಅಗದಿ ಛಲೋ ಅದಾವ್ರಿ, ಹರೇದವರ ನಾಳ ಇದ್ದಂಗ."

"ಸರಿಯಾಗಿ ನೋಡು ತಂಗಿ."

"ಎರಡ ಸಲ ನೋಡೀನ್ರಿ ಕಾಕಾ."

ವೀರಪ್ಪ ಕುತ್ತಿಗೆ ಒರೆಸಿಕೊಳ್ಳುತ್ತ, "ನಿನ್ನ ಸಲುವಾಗಿ ನಾ ಒಂದೀಟು ಕೆಡಿಸ್ಕೊಂಡು ಬರ್ಲೇನು?" ಎಂದ.

ಡಾಕ್ಟರು ಗುಳಿಗೆ ಬರೆದು, ಆರು ತಿಂಗಳಿಗೆ ಮತ್ತೆ ಬಂದು ತೋರಿಸಿ ಎಂದರು. ಅಂದಿನಿಂದ ನಾನು ತಪ್ಪದೆ ಗುಳಿಗೆ ನುಂಗುತ್ತೇನೆ, ಬೆಳಿಗ್ಗೆ ಎದ್ದು ಮೈಲುಗಟ್ಟಲೆ ನಡೆಯುತ್ತೇನೆ. ವೀರಪ್ಪ ಕಟ್ಟೆಯ ಮೇಲೆ ಕೂತು, ನಾನು ನಡೆಯುವುದನ್ನು ನೋಡುತ್ತಾನೆ.

ಮುಂದಿನ ಸಲವೂ ಅವನನ್ನು ಕರೆದೊಯ್ದು ಇಬ್ಬರಿಗೂ ಸ್ಕ್ಯಾನ್ ಮಾಡಿಸುವವನೇ ನಾನು. ನನ್ನ ನಾಳ ತೆರೆದುಕೊಂಡಿದ್ದರೆ ಉತ್ತಮ. ಅದಾಗದಿದ್ದರೆ, ಅವನದು ಒಂದು ಎಳೆಯಷ್ಟು ಕಟ್ಟಿದ್ದರೂ ನನಗೆ ಅರ್ಧ ಗುಣವಾದಂತೆಯೇ.