ಗುಳ್ಳೆ ಏಳದ ಗಡಿಗೆ

ಸೊಮ್‌ಜಿನ್ ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಅಜ್ಜಿ ಟಾಕ್ ಬುನ್ನಾಮ್ ಆಗಲೇ ಗೋಡೆ ಹಿಡಿದು, ಬಟ್ಟೆ ಹಾಸಿದ ಅಚ್ಚಿನ ಮೇಲೆ ನಿಂತು ಹಿಮ್ಮಡಿಯಿಂದ ತುಳಿಯುತ್ತಿದ್ದಾರೆ. ಒಳಗಿರುವುದು ನೀರು ಚಿಮುಕಿಸಿ ಕಲಸಿದ ಗೋಧಿ ತರಿ. ಗಟ್ಟಿಯಾದ ಬಿಲ್ಲೆಯನ್ನು ಬೆಚ್ಚನೆಯ ಕೋಣೆಯಲ್ಲಿ ಹುಲ್ಲಿನ ನಡುವೆ ಮಲಗಿಸಿದರೆ ಬೂಷ್ಟು ಹಿಡಿಯುತ್ತದೆ, ಕಣ್ಣಿಗೆ ಕಾಣದ ಯೀಸ್ಟ್ ಬಂದು ಮನೆ ಮಾಡುತ್ತದೆ. ಅದೇ ನುರುಕ್. ಪುಡಿಮಾಡಿ ಅನ್ನ, ನೀರಿನ ಜೊತೆ ಗಡಿಗೆಗೆ ಹಾಕಿಟ್ಟರೆ ಗುಳ್ಳೆಯೆದ್ದು ಹೆಂಡವಾಗುತ್ತದೆ. ಊರಿನ ಮದುವೆ, ತಿಥಿಗಳ ಹೆಂಡವೆಲ್ಲ ಈ ಬಿಲ್ಲೆಗಳದೇ. ಕುಡಿದವರು ಹೊಗಳುವುದು ಮಾತ್ರ ಅಕ್ಕಿಯನ್ನು.

ಬುನ್ನಾಮ್ ಸೊಸೆಯಾಗಿ ಬಂದ ಕಾಲದಲ್ಲಿ ಮನೆಯಲ್ಲಿ ಹೆಂಡ ಮಾಡುವುದು ಅಪರಾಧ. "ಅಧಿಕಾರಿಗಳು ಬಂದ್ರು ಅಂದ್ರೆ ನಮ್ಮತ್ತೆ ಬಿಲ್ಲೆಗಳನ್ನ ಸೌದೆ ರಾಶಿಗೆ ತುರುಕೋರು. ನಾನು ಅದರ ಮೇಲೆ ಕೂತು ಹೊಟ್ಟೆನೋವು ಅಂತ ಅಳ್ತಿದ್ದೆ," ಎಂದು ನಗುತ್ತಾರೆ.

ಈ ಬೇಸಿಗೆ ಆ ನಗು ಇರಲಿಲ್ಲ. ಗಂಡನ ಮೊದಲ ವರ್ಷದ ತಿಥಿಗೆಂದು ಹಾಕಿದ ಗಡಿಗೆಯಲ್ಲಿ ಗುಳ್ಳೆಯೇ ಏಳಲಿಲ್ಲ. ಇನ್ನೊಂದು ಹಾಕಿದರು, ಮೂಗಿಗೆ ರಾಚುವ ಹುಳಿಯಾಯಿತು. ಅದೇ ಗೋಧಿ, ಅದೇ ಬಾವಿ, ಅದೇ ಕೋಣೆ. ಬಿಲ್ಲೆ ಒಡೆದು ಮೂಸಿದರು, ನಾಲಿಗೆಗೆ ಇಟ್ಟರು. ತಲೆಬುಡ ತಿಳಿಯಲಿಲ್ಲ.

ಉಳಿದಿದ್ದು ಸೊಸೆ ಯೊನ್‌ಜು ತುಳಿದ ಸೊಟ್ಟ ಬಿಲ್ಲೆಗಳು. ಅತ್ತೆಯ ಮಂಡಿ ಊದಿಕೊಂಡ ದಿನ ಆಕೆ ಅಚ್ಚು ಹತ್ತಿದ್ದಳು.

"ಏನೇ ಇದು, ಹಸು ತುಳಿದ ಹಂಗಿದೆ!"

"ಹಸುಗೆ ನಾಲ್ಕು ಕಾಲು ಅತ್ತೆ, ನನಗಿರೋದು ಎರಡೇ."

ಬೇರೆ ದಾರಿಯಿಲ್ಲದೆ ಅವನ್ನೇ ಹಾಕಿದರು. ಎರಡು ದಿನ ಕಳೆದು ಗಡಿಗೆಗೆ ಕಿವಿಯಿಟ್ಟರೆ, ಒಳಗೆ ಗುಳ್ಳೆಯೊಡೆಯುವ ಸೋನೆ ಮಳೆಯ ಸದ್ದು. "ಖುಷಿನೋ ಹೊಟ್ಟೆಕಿಚ್ಚೋ, ಗೊತ್ತಾಗ್ಲಿಲ್ಲ. ಮುಚ್ಚಳ ಮುಚ್ಚಿ ಹಿತ್ತಿಲಿಗೆ ಹೋಗ್ಬಿಟ್ಟೆ," ಎನ್ನುತ್ತಾರೆ ಬುನ್ನಾಮ್.

ತಿಥಿಯ ದಿನ ಮೈದುನ ಒಂದೇ ಗುಟುಕಿಗೆ ಬಟ್ಟಲು ಬರಿದು ಮಾಡಿದರು. "ಅತ್ತಿಗೆ, ನಿಮ್ಮ ಕಾಲಿಗೆ ಇನ್ನೂ ವಯಸ್ಸಾಗಿಲ್ಲ ಬಿಡಿ!"

ನೆಂಟರೆಲ್ಲ ನಕ್ಕರು. ಯೊನ್‌ಜು ತಲೆ ತಗ್ಗಿಸಿ ಹೆಸರುಬೇಳೆಯ ದೋಸೆ ಮಗುಚುತ್ತಿದ್ದಳು. ಅತ್ತೆ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನನ್ನ ಕಾಲಲ್ಲ," ಎಂದರು ಬುನ್ನಾಮ್. "ಇವಳದು."

ಅಂದಿನಿಂದ ಅಚ್ಚುಗಳು ಎರಡು, ಅತ್ತೆಗೊಂದು, ಸೊಸೆಗೊಂದು. ತಮ್ಮದು ಕೆಟ್ಟಿದ್ದೇಕೆಂದು ಬುನ್ನಾಮ್ ಅವರಿಗೆ ಇವತ್ತಿಗೂ ಗೊತ್ತಿಲ್ಲ.

"ಅದಿರಲಿ, ಇಷ್ಟು ವರ್ಷ ಯಾಕೆ ಚೆನ್ನಾಗಿ ಬಂತು? ಅದೂ ಗೊತ್ತಿಲ್ಲ. ಗೊತ್ತು ಅಂದ್ಕೊಂಡಿದ್ದೆ," ಎನ್ನುತ್ತಾ ತಮ್ಮ ಹೊಸ ಬಿಲ್ಲೆಯನ್ನು ಸೊಸೆಯ ಬಿಲ್ಲೆಗೆ ತಾಗಿಸಿ ಮಲಗಿಸುತ್ತಾರೆ. "ಪಕ್ಕದಲ್ಲೇ ಇರಲಿ. ಅವಳದು ನಂದಕ್ಕೆ ಒಂಚೂರು ಕಲಿಸಿದ್ರೆ ಸಾಕು."