ಒಂಟಿಕೂಗಿನ ಗುಡ್ಡ

ಜಯಪುರದ ಜೀಪಿನವರು ಈಗ ಅದಕ್ಕೆ ಎಕೋ ಪಾಯಿಂಟ್ ಅನ್ನುತ್ತಾರೆ. ನೆತ್ತಿಯಲ್ಲಿ ನಿಂತು ಕೂಗಿದರೆ ಗುಡ್ಡ ಓಗೊಡುತ್ತದೆ ಎಂದು ಪೇಟೆಯವರನ್ನು ಕರೆತರುತ್ತಾರೆ. ಆ ಹೆಸರು ಕೇಳಿದರೇ ನನಗೆ ಮೈ ಉರಿಯುತ್ತದೆ.

ನಮ್ಮ ಕಡೆಯವರಿಗೆ ಅದು ಒಂಟಿಕೂಗಿನ ಗುಡ್ಡ. ಮೊದಲು ನೆತ್ತಿ ಹತ್ತಿದವರು ದನ ಹುಡುಕಿ ಹೋದ ಅಣ್ಣತಮ್ಮಂದಿರಂತೆ. ಮಂಜಿನಲ್ಲಿ ಒಂದೇ ಒಂದು ‘ಕೂ’ ಕೇಳಿಸಿತು. ತಮ್ಮನೇ ಕರೆದನೆಂದು ಅಣ್ಣ ಓಗೊಟ್ಟು ಆ ಕಡೆ ನಡೆದು ಪ್ರಪಾತಕ್ಕೆ ಬಿದ್ದ. ತಮ್ಮ ಕೂಗಿರಲೇ ಇಲ್ಲ. ಅಂದಿನಿಂದ ಇದೊಂದು ಕಟ್ಟಳೆ: ಮನುಷ್ಯನಾದರೆ ಎರಡು ಸಲ ಕೂ ಹಾಕುತ್ತಾನೆ, ಒಂದೇ ಸಲ ಕೂಗುವುದು ಗುಡ್ಡ. ಅದಕ್ಕೆ ಓಗೊಡಬಾರದು.

ಮಳೆಗಾಲ ಕಳೆದ ಮೇಲೆ ನೆತ್ತಿಯ ಕಲ್ಲಿಗೆ ಕಾಯಿ ಒಡೆಯಲು ನಮ್ಮ ಮನೆಯವರು ಹತ್ತುವುದು ವಾಡಿಕೆ. ಆ ವರ್ಷ ಹೋದದ್ದು ನಾನು, ನನ್ನ ತಮ್ಮ, ಚಿಕ್ಕಪ್ಪ. ಇಳಿಯುವಾಗ ಗಾಳಿ ಎದ್ದಿತು. ಹುಲ್ಲನ್ನೆಲ್ಲ ನೆಲಕ್ಕೆ ಕೆಡವಿ, ಕಲ್ಲಿನ ಚೂರು ಎತ್ತಿ ಮುಖಕ್ಕೆ ಹೊಡೆಯಿತು. ಹಿಂದೆ ಬರುತ್ತಿದ್ದ ತಮ್ಮ ಮಂಜಿನಲ್ಲಿ ಕಾಣದಾದ. ಕಣ್ಣು ಕಟ್ಟಿ ಬಿಟ್ಟರೂ ಅವನಿಗೆ ದಾರಿ ಗೊತ್ತು ಅಂದರು ಚಿಕ್ಕಪ್ಪ.

ಆಗ ಎಡಗಡೆ ಕೆಳಗಿನಿಂದ ಒಂದು ಕೂಗು ಬಂತು. ಒಂದೇ.

ಅದು ಅವನ ದನಿಯೇ. ನಾನು ಬಾಯಿ ತೆರೆದೆ. ಚಿಕ್ಕಪ್ಪ ಹಿಂದಿನಿಂದ ಹಿಡಿದು ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

"ಇನ್ನೊಂದು ಬರ್ಲಿ ಕೂಸೇ," ಅಂದರು. "ಇನ್ನೊಂದು ಬರ್ಲಿ."

ಅವರ ಕೈ ಸಡಿಲವಾಗಲಿಲ್ಲ. ಒದ್ದೆ, ಪರಚಿದೆ. ಅವರು ನನ್ನನ್ನು ಬಂಡೆಗೆ ಒತ್ತಿ ಹಿಡಿದರು. ಹಣೆ ಒಡೆಯಿತು. ಇನ್ನೊಂದು ಕೂಗು ಬರಲಿಲ್ಲ. ಕೊನೆಗೆ ಅವರ ಹೆಬ್ಬೆರಳಿನ ಬುಡಕ್ಕೆ ಹಲ್ಲು ಊರಿ, ಮಾಂಸ ಕಿತ್ತು ಬರುವ ತನಕ ಕಚ್ಚಿದೆ. ಬಾಯಿ ತುಂಬ ಅವರ ರಕ್ತ ಇಟ್ಟುಕೊಂಡೇ ತಮ್ಮನ ಹೆಸರು ಕೂಗುತ್ತ ಕೆಳಗೆ ಓಡಿದೆ.

ತಮ್ಮ ಜಾರಿ ಬಿದ್ದು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿದ್ದ. ಎದೆಗೂಡು ಒಳಕ್ಕೆ ಕುಸಿದಿತ್ತು. ಎರಡನೇ ಕೂಗಿಗೆ ಅವನು ಉಸಿರು ಎಲ್ಲಿಂದ ತರಬೇಕಿತ್ತು? ನಾನು ಹಿಡಿದ ಮೇಲೆ ಅವನ ಕೈ ಒಂದು ಸಲ ಬಿಗಿಯಾಯಿತು, ಆಮೇಲೆ ಬಿಟ್ಟಿತು.

ಹಿಂದೆಯೇ ಇಳಿದುಬಂದ ಚಿಕ್ಕಪ್ಪನ ಮೇಲೆ ಕಲ್ಲು ಎತ್ತಿ ಒಗೆದೆ. ಅವರು ತಪ್ಪಿಸಿಕೊಳ್ಳಲಿಲ್ಲ. ಭುಜಕ್ಕೆ ಬಿತ್ತು. ಕೊಲ್ಲಬೇಕೆಂದೇ ಇನ್ನೊಂದು ಎತ್ತಿಕೊಂಡೆ. ಅವರು ತಮ್ಮನ ಮುಖ ನೋಡಿದರು, ರಕ್ತ ಸುರಿಯುತ್ತಿದ್ದ ತಮ್ಮದೇ ಕೈಯನ್ನು ನೋಡಿಕೊಂಡರು.

"ಮೊದ್ಲೇ ಕಚ್ಬಾರ್ದಿತ್ತಾ ಮಾರಾಯ್ತಿ," ಅಂದರು.