ಕಾಣದ ಬೆಳಕಿನ ಹಳದಿ ಹೂ

ಜೋಗೇಶ್ವರಿ ಸ್ಟೇಷನ್ನಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದ ನಮ್ಮ ಅಣ್ಣುವಿನಂಥ ಪುಕ್ಕಲನನ್ನು ನಾನು ಬೇರೆ ಕಂಡಿಲ್ಲ. ಉಡುಪಿಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವನು ಕ್ಯಾಮೆರಾ ಹಿಡಿಯಲು ಕಲಿತು ಸ್ವಂತ ಅಂಗಡಿ ಮಾಡಿದ. ಆದರೂ ಲೋಕಲ್ ರೈಲಿನ ಬಾಗಿಲ ಬಳಿ ನಿಲ್ಲಲು ಹೆದರಿಕೆ, ಬೆರಳು ಕೊಯ್ದರೆ ಹೆದರಿಕೆ. ಒಂದೇ ಒಂದು ಸಲ ಹೆದರಬೇಕಾದ ಕಡೆ ಹೆದರಲಿಲ್ಲ.

ಐವತ್ತಾರರ ಮಳೆಗಾಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೈಸೂರಿನ ಕೇಶವಮೂರ್ತಿಗಳು ಮಲಾಡಿನ ಆಚೆಯ ಗುಡ್ಡದಿಂದ ಒಂದು ಕಾಡುಹೂ ತಂದರು. ವರ್ಷಗಟ್ಟಲೆ ಹುಡುಕಿದ ಮೇಲೆ ಸಿಕ್ಕ ಒಂದೇ ಹೂ. ನಮ್ಮ ಕಣ್ಣಿಗೆ ಬರೀ ಹಳದಿ. ಜೇನುನೊಣಕ್ಕೆ ಕಾಣುವ, ನಮಗೆ ಕಾಣದ ನೇರಳಾತೀತ ಬೆಳಕಿನಲ್ಲಿ ಅದಕ್ಕೆ ಬೇರೆಯೇ ರೂಪವಿರಬೇಕೆಂದು ಅವರ ಅಂದಾಜು. ಎರಡು ಬೆಳಕಿನಲ್ಲೂ ಒಂದೊಂದು ಫೋಟೋ ಬೇಕಿತ್ತು. ಅದಕ್ಕೆ ಬೇಕಾದ ದೀಪವನ್ನೂ ಕಪ್ಪು ಕನ್ನಡಕವನ್ನೂ ಅವರೇ ತಂದಿದ್ದರು.

"ಕನ್ನಡಕ ಮಾತ್ರ ತೆಗೀಬೇಡಿ ಕಣ್ರೀ," ಎಂದರು.

ಅದನ್ನು ಹಾಕಿದರೆ ಫೋಕಸ್ಸೇ ಕಾಣದು. ಪ್ರೊಫೆಸರರು ಅತ್ತ ತಿರುಗಿದಾಗ ಅಣ್ಣು ತೆಗೆದಿಟ್ಟ. ಕಾಣದ ಬೆಳಕು ಕಣ್ಣಿಗೆ ಏನು ಮಾಡೀತು ಎಂದುಕೊಂಡು ದೀಪದ ಪಕ್ಕದಲ್ಲೇ ಬಗ್ಗಿ ಬಹಳ ಹೊತ್ತು ಕೆಲಸ ಮಾಡಿದ.

ಸಂಜೆಗೆ ಕಣ್ಣಲ್ಲಿ ಮರಳು ಹೊಕ್ಕಂತಾಯಿತು. ಬೆಳಗಾಗುವಾಗ ರೆಪ್ಪೆ ತೆರೆಯಲೇ ಆಗಲಿಲ್ಲ. ಡಾಕ್ಟರು ಔಷಧ ಹಾಕಿ ಪಟ್ಟಿ ಕಟ್ಟಿ, ಎರಡು ದಿನ ಬಿಚ್ಚಬೇಡಿ, ಬಹುಶಃ ಸರಿಹೋಗುತ್ತದೆ ಎಂದರು. ಆ 'ಬಹುಶಃ' ಅಣ್ಣುವಿನ ಜೀವ ಹಿಂಡಿತು. ಕಣ್ಣು ಹೋದ ಫೋಟೋದವನು ಯಾರಿಗೆ ಬೇಕು? ಹೆಂಡತಿ ಅಕ್ಕು ಪಕ್ಕದ ಖೋಲಿಯ ಬಾಣಂತಿಯಿಂದ ಎದೆಹಾಲು ತಂದು ಎರಡು ಹನಿ ಬಿಡುತ್ತೇನೆಂದರೂ ಅವನು ಪಟ್ಟಿ ಮುಟ್ಟಗೊಡಲಿಲ್ಲ. ಬಿಚ್ಚಿದಾಗ ಏನೂ ಕಾಣದಿದ್ದರೆ ಎಂಬ ಭಯ.

ಎರಡನೆಯ ದಿನ ಮಧ್ಯಾಹ್ನ ಸುಮ್ಮನೆ ಮಲಗಿರಲಾರದೆ ಅಕ್ಕುವಿನ ಕೈ ಹಿಡಿದು ಸ್ಟುಡಿಯೋದ ಡಾರ್ಕ್‌ರೂಮಿಗೆ ಹೋದ. ಅಲ್ಲಿ ಹೇಗೂ ಕಣ್ಣು ಬೇಡ, ಕೆಂಪು ದೀಪವೂ ಇಲ್ಲದೆ ಎಲ್ಲವೂ ಕೈಯಂದಾಜು. ಹೂ ಆಗಲೇ ಬಾಡಿ ಕರಗಿತ್ತು. ಉಳಿದದ್ದು ಅದರ ಫೋಟೋ ಹಿಡಿದ, ಇನ್ನೂ ತೊಳೆಯದ ಎರಡು ಗಾಜಿನ ಪ್ಲೇಟು. ನೇರಳಾತೀತ ಬೆಳಕಿನ ಪ್ಲೇಟನ್ನು ತೊಳೆದು, ಬೆಳಕಿಗೆ ಕೆಡದಂತೆ ಪಕ್ಕಾ ಮಾಡಿ ಇಟ್ಟ. ಸಾದಾ ಬೆಳಕಿನದ್ದನ್ನು ಟ್ರೇಯಲ್ಲಿ ಅಲುಗಿಸುತ್ತಿದ್ದಾಗ ತಡೆಯಲಾಗಲಿಲ್ಲ. ಪಟ್ಟಿ ಕಿತ್ತು ಕಣ್ಣು ತೆರೆದ.

ಏನೂ ಇಲ್ಲ.

"ಅಕ್ಕೂ, ನನ್ನ ಕಣ್ಣು ಹೋಯ್ತು!"

"ಎಂಥ ಮಾರಾಯ್ರೆ, ನನಗೂ ಕಾಣುದಿಲ್ಲ. ಇಲ್ಲಿ ಕತ್ತಲೆ ಅಲ್ವಾ?"

ವರ್ಷಗಳಿಂದ ಅದೇ ಕತ್ತಲೆಯಲ್ಲಿ ದುಡಿದವನಾದರೂ ಆಗ ಅವನಿಗೆ ಆ ಮಾತು ನಂಬಿಕೆಯಾಗಲಿಲ್ಲ. ತನ್ನನ್ನು ಸಮಾಧಾನಪಡಿಸಲು ಹೇಳುತ್ತಿದ್ದಾಳೆ ಎಂದುಕೊಂಡ.

"ಲೈಟ್ ಹಾಕ್ಲಾ?" ಅಕ್ಕು ಸ್ವಿಚ್ಚಿಗಾಗಿ ಗೋಡೆ ತಡವಿದಳು.

ಹಾಕಿದರೆ ಟ್ರೇಯಲ್ಲಿದ್ದ ಪ್ಲೇಟು ಹಾಳು. ನಮ್ಮ ಕಣ್ಣಿಗೆ ಕಂಡ ಹೂ ಹೋಯಿತೆಂದೇ ಲೆಕ್ಕ, ಜೇನುನೊಣದ ಹೂ ಮಾತ್ರ ಉಳಿಯುತ್ತದೆ. ಇನ್ನೂ ಸ್ವಲ್ಪ ಹೊತ್ತು ತಾಳಿದ್ದರೆ ಸಾಕಿತ್ತು. ಅವನಿಂದ ಆಗಲಿಲ್ಲ.

"ಹಾಕು," ಎಂದ.

ಬೆಳಕು ಕಣ್ಣಿಗೆ ಚುಚ್ಚಿ ನೀರು ಧಾರೆಯಾಗಿ ಇಳಿಯಿತು. ಮುಖ ಒರೆಸಿಕೊಂಡು ಟ್ರೇಯ ಮೇಲೆ ಬಗ್ಗಿದ. ಆಗತಾನೇ ಮೂಡಿದ್ದ ಎಸಳುಗಳು ಅಂಚಿನಿಂದ ಮುಳುಗುತ್ತಿದ್ದವು.

"ಅಕ್ಕು, ಕಪ್ಪಾಗ್ತಾ ಉಂಟು," ಎಂದು ಅವಳ ಎರಡೂ ಕೈ ಹಿಡಿದು ಮಗುವಿನಂತೆ ಅತ್ತ. "ಪ್ಲೇಟು ಪೂರಾ ಕಪ್ಪಾಗ್ತಾ ಉಂಟು. ನನಗೆ ಕಾಣ್ತದೆ!"